ರೋಗದ ಹೆಸರು ನೋಡಿ ಲ್ಯಾಬ್ ಆರಿಸಬೇಡಿ

ಇಮ್ಯುನಾಲಜಿ (ದೇಹದ ರೋಗನಿರೋಧಕ ಶಕ್ತಿಯ ಅಧ್ಯಯನ), ಸಾಂಕ್ರಾಮಿಕ ರೋಗ ಅಂತ ಪಿಎಚ್‌ಡಿಗೆ ಹೊರಟವರು ಮೊದಲು ಕೇಳೋದು, ಟಿಬಿ ತಗೊಳ್ಳಲೋ, ಮಲೇರಿಯಾನೋ, ವೈರಸ್ಸೋ ಅಂತ. ಅದನ್ನು ಆಮೇಲೆ ಕೇಳಿದರೂ ನಡೆಯುತ್ತದೆ. ಆ ಲ್ಯಾಬಿನಲ್ಲಿ ಒಂದು ಪ್ರಯೋಗ ಶುರುವಾದ ಮೇಲೆ ಉತ್ತರ ಕೈಗೆ ಬರೋಕೆ ಎಷ್ಟು ದಿನ ಬೇಕು ಅನ್ನೋದನ್ನು ಮೊದಲು ವಿಚಾರಿಸಿ.

ಲ್ಯಾಬುಗಳಲ್ಲಿ ಹೆಚ್ಚು ಬಳಸೋ ಇ. ಕೋಲೈ ಬ್ಯಾಕ್ಟೀರಿಯಾ ಅನುಕೂಲ ಇದ್ದರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಟಿಬಿ ಬ್ಯಾಕ್ಟೀರಿಯಾಕ್ಕೆ ಸುಮಾರು 20 ಗಂಟೆ ಬೇಕು. ಇಲಿಗೆ ಸೋಂಕು ತಗುಲಿಸಿ 4 ವಾರ ಕಾಯಬೇಕು, ಶ್ವಾಸಕೋಶ ಅರೆದು, ತೆಳುಮಾಡಿ, ಅಗಾರ್ ಪ್ಲೇಟಿಗೆ (ಬ್ಯಾಕ್ಟೀರಿಯಾ ಬೆಳೆಸೋ ತಟ್ಟೆಗೆ) ಹರಡಬೇಕು, ಕಾಲೊನಿ (ಬ್ಯಾಕ್ಟೀರಿಯಾ ಬೆಳೆದು ಆಗೋ ಚುಕ್ಕೆ) ಎಣಿಸೋಕೆ ಮತ್ತೆ 3-4 ವಾರ. ಒಂದು ಪ್ರಯೋಗಕ್ಕೆ ಎರಡು ತಿಂಗಳು ಹೋಯಿತು. ಡೈಲ್ಯೂಶನ್ (ತೆಳುಮಾಡಿದ ಪ್ರಮಾಣ) ತಪ್ಪಿ ಕಾಲೊನಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ ಅಂತ ಗೊತ್ತಾಗೋದೂ ಆಗಲೇ. ಅದಕ್ಕೇ ಅನುಭವಸ್ಥರು ಒಂದೇ ಡೈಲ್ಯೂಶನ್ ನಂಬದೆ, ಹತ್ತು ಹತ್ತು ಪಟ್ಟು ತೆಳುಮಾಡಿ ಮೂರ್ನಾಲ್ಕು ಹಂತ ಹರಡುತ್ತಾರೆ. ಇಲಿಯಲ್ಲಿ ಇನ್‌ಫ್ಲುಯೆಂಜಾ ಆದರೆ ಸುಮಾರು 10 ದಿನದಲ್ಲಿ ವೈರಸ್ ಖಾಲಿ, ಉತ್ತರವೂ ಬೇಗ.

ಇಲಿ ತಳಿಯ ಲೆಕ್ಕ ಇನ್ನೂ ಕಷ್ಟ. ಗರ್ಭ 3 ವಾರ, ಹಾಲು ಬಿಡಿಸೋಕೆ 3 ವಾರ, ಜೋಡಿ ಮಾಡೋಕೆ ಮರಿಗೆ 6-8 ವಾರ ತುಂಬಬೇಕು. ಎರಡು ನಾಕೌಟ್ ತಳಿಗಳನ್ನು (ಒಂದೊಂದು ಜೀನ್ ಕೆಲಸ ಮಾಡದಂತೆ ಮಾಡಿದ ಇಲಿಗಳನ್ನು) ಸೇರಿಸಿ ಡಬಲ್ ನಾಕೌಟ್ ಮಾಡಬೇಕೆಂದರೆ ಎರಡನೇ ಪೀಳಿಗೆಯಲ್ಲಿ ಸಿಗೋದು 16ರಲ್ಲಿ 1 ಮರಿ. ಎರಡು ಜೀನೂ ಒಂದೇ ಕ್ರೋಮೋಸೋಮಿನಲ್ಲಿ ಹತ್ತಿರ ಇದ್ದರೆ ಅದೂ ಇಲ್ಲ. 'ತಳಿ ರೆಡಿ ಇದೆ' ಅಂತ ಗೈಡ್ (ಪಿಎಚ್‌ಡಿ ಮಾರ್ಗದರ್ಶಕರು) ಹೇಳಿದರೆ, ಈಗ ಪಂಜರದಲ್ಲಿ ಎಷ್ಟು ಇವೆ ಅಂತ ಕೇಳಿಬಿಡಿ. ತಪ್ಪೇನಿಲ್ಲ.

ಬಿಎಸ್‌ಎಲ್-3, ಅಂದರೆ ಟಿಬಿಯಂಥ ಅಪಾಯಕಾರಿ ರೋಗಾಣು ಇಟ್ಟು ಕೆಲಸ ಮಾಡೋ ಬಿಗಿ ಭದ್ರತೆಯ ಲ್ಯಾಬ್ ಅಂದರೆ ಕೆಲವರಿಗೆ ಒಂಥರಾ ಮೋಹ. ಒಳಗೆ ಒಂಟಿಯಾಗಿ ಕೆಲಸ ಮಾಡೋ ಅನುಮತಿ ಸಿಗೋಕೆ ತಿಂಗಳುಗಳೇ ಹಿಡಿಯಬಹುದು. ಜೀವಂತ ಸ್ಯಾಂಪಲ್ ಹಾಗೇ ಹೊರಗೆ ತರೋ ಹಾಗಿಲ್ಲ. ಫ್ಲೋ ಸೈಟೋಮೆಟ್ರಿ ಯಂತ್ರ (ಹೊಳೆಯೋ ಬಣ್ಣ ಅಂಟಿಸಿ ಜೀವಕೋಶದ ಬಗೆ ಗುರುತಿಸೋದು) ಹೊರಗಿದ್ದರೆ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿಯೇ, ಅಂದರೆ ರಾಸಾಯನಿಕದಿಂದ ಕೊಂದು ಸ್ಥಿರಗೊಳಿಸಿಯೇ, ತರಬೇಕು. ಎಡವೋದು ಇಲ್ಲೇ: ಪಿಇ-ಸಿವೈ7ನಂಥ ಜೋಡಿ ಡೈಗಳು (ಪಿಇ, ಸಿವೈ7 ಎಂಬ ಎರಡು ಹೊಳೆಯೋ ಬಣ್ಣ ಸೇರಿಸಿದ್ದು) ಫಿಕ್ಸ್ ಆಗಿ ಬೆಳಕಲ್ಲಿ ಕೂತರೆ ಒಡೆಯುತ್ತವೆ. ಒಡೆದದ್ದು ಪಿಇ ಆಗಿ ಹೊಳೆಯುತ್ತದೆ. ಇಲ್ಲದ ಮಾರ್ಕರ್ (ಜೀವಕೋಶದ ಗುರುತಿನ ಅಣು) ಇದೆ ಅಂತ ಯಂತ್ರ ತೋರಿಸುತ್ತದೆ, ನೀವು ಹೊಸ ಜಾತಿಯ ಟಿ-ಸೆಲ್ (ರೋಗನಿರೋಧಕ ಜೀವಕೋಶ) ಕಂಡುಹಿಡಿದೆ ಅಂದುಕೊಂಡು ವಾರಗಟ್ಟಲೆ ಕುಣಿಯುತ್ತೀರಿ. ಕಾಂಪೆನ್ಸೇಶನ್ ಕಂಟ್ರೋಲನ್ನೂ (ಒಂದು ಬಣ್ಣದ ಬೆಳಕು ಇನ್ನೊಂದರಲ್ಲಿ ಬೆರೆಯೋದನ್ನು ಸರಿಪಡಿಸೋಕೆ ಇಡೋ ಒಂದೇ ಬಣ್ಣದ ಮಾದರಿ) ಸ್ಯಾಂಪಲ್ ಜೊತೆಗೇ, ಅಷ್ಟೇ ಹೊತ್ತು ಫಿಕ್ಸ್ ಮಾಡಿ ಕತ್ತಲಲ್ಲಿಡೋದನ್ನು ಆ ಲ್ಯಾಬಿನವರು ಕಲಿಸುತ್ತಾರಾ, ನೋಡಿ.

ನಿಧಾನದ ರೋಗ ಬೇಡ ಅಂತಲ್ಲ, ಜೊತೆಗೊಂದು ಬೇಗ ಮುಗಿಯುವ ಕೆಲಸ ಇರಲಿ. ಇಲಿಯ ಮೂಳೆಮಜ್ಜೆಯಿಂದ ಮ್ಯಾಕ್ರೋಫೇಜ್ (ರೋಗಾಣು ನುಂಗೋ ಜೀವಕೋಶ) ತಯಾರಾಗೋಕೆ ಸುಮಾರು 7 ದಿನ ಸಾಕು. ಇಲಿಗಳು ಬೆಳೆಯೋಷ್ಟರಲ್ಲಿ ಅದರಲ್ಲೇ ಅರ್ಧ ಪ್ರಶ್ನೆ ಬಗೆಹರಿಸಬಹುದು.

ಒಪ್ಪಿಕೊಳ್ಳೋ ಮೊದಲು ಎರಡು-ಮೂರನೇ ವರ್ಷದ ವಿದ್ಯಾರ್ಥಿಗಳ ಜೊತೆ ಗೈಡ್ ಇಲ್ಲದಾಗ ಮಾತಾಡಿ. ಪ್ರಾಣಿ ಪ್ರಯೋಗದ ಅನುಮತಿ ಬಂದಿದೆಯೋ, ಅರ್ಜಿ ನೀವೇ ಬರೆಯಬೇಕೋ? ಸೆಲ್ ಸಾರ್ಟರ್ (ಜೀವಕೋಶಗಳನ್ನು ಬೇರ್ಪಡಿಸೋ ಯಂತ್ರ) ಸ್ಲಾಟ್ ಎಷ್ಟು ದಿನಕ್ಕೆ ಸಿಗುತ್ತದೆ? ಕೊನೆಯ ಮೂವರು ಎಷ್ಟು ವರ್ಷಕ್ಕೆ ಮುಗಿಸಿದರು? ರೊಟೇಶನ್ (ಲ್ಯಾಬ್ ಆರಿಸೋ ಮೊದಲು ಕೆಲವು ಲ್ಯಾಬುಗಳಲ್ಲಿ ಕೆಲವು ವಾರ ಕೆಲಸ ಮಾಡಿ ನೋಡೋದು) ಇರೋ ಕಡೆ ಸೇರಿದರೆ, ಆ ಎಂಟು-ಹತ್ತು ವಾರದಲ್ಲಿ ರಿಸಲ್ಟಿಗೆ ಹಂಬಲಿಸೋದಕ್ಕಿಂತ, ಪ್ರಯೋಗ ಕೆಟ್ಟ ದಿನ ಅಲ್ಲಿ ಯಾರು ಬಂದು ಪಕ್ಕದಲ್ಲಿ ಕೂತು ಡೇಟಾ ನೋಡುತ್ತಾರೆ ಅನ್ನೋದನ್ನು ಗಮನಿಸಿ.