ಅಡಿಕೆ ಮನೆಗೆ ಕ್ರೆಡಿಟ್ ಕಾರ್ಡ್ ಬೇಕಾ?

ಪರ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯವರಿಗೆ ಸಾಲ ಅಂದ್ರೆ ಹೊಸತೇನಲ್ಲ. ದಿನಸಿ ಅಂಗಡಿಯಲ್ಲಿ "ಬರೆದಿಡಿ" ಅಂತ ಹೇಳಿ ಬರುವುದು ಉಂಟು. ಸರ್ವೀಸ್ ಬ್ಯಾಂಕಿನಲ್ಲಿ, ಅಂದ್ರೆ ಊರಿನ ಸಹಕಾರಿ ಬ್ಯಾಂಕಿನಲ್ಲಿ, ಚಿನ್ನ ಅಡವಿಡುವುದು ಉಂಟು. ಕುರಿಗೆ, ಅಂದ್ರೆ ಚೀಟಿಗೆ, ಸೇರುವುದೂ ಉಂಟು. ಹಾಗಿರುವಾಗ ಕಾರ್ಡ್ ಅಂದ ಕೂಡಲೇ ಯಾಕೆ ಹೆದರಬೇಕು? ಹೊತ್ತಿಗೆ ಸರಿಯಾಗಿ ಕಟ್ಟುವವರಿಗೆ ಅದು ಬಡ್ಡಿಯಿಲ್ಲದ ಸಾಲ.

ಪ್ರತಿ ತಿಂಗಳು 5ಕ್ಕೆ ಬಿಲ್, ಕಟ್ಟಲು 25ರ ತನಕ ಗಡುವು ಅಂತಿಟ್ಟುಕೊಳ್ಳಿ. ಜೂನ್ 6ಕ್ಕೆ ಕೊಂಡದ್ದು ಜುಲೈ 5ರ ಬಿಲ್ಲಿಗೆ ಬರುತ್ತದೆ, ದುಡ್ಡು ಕೊಡಬೇಕಾದ್ದು ಜುಲೈ 25ಕ್ಕೆ. ಹತ್ತಿರ ಹತ್ತಿರ 50 ದಿನ. ಅದನ್ನೇ ಜೂನ್ 4ಕ್ಕೆ ಕೊಂಡರೆ ಸಿಗುವುದು ಮೂರೇ ವಾರ. ಇಷ್ಟು ಗೊತ್ತಿದ್ದವರಿಗೆ ಕಾರ್ಡಿನಿಂದ ಲಾಭವೇ.

ದೊಡ್ಡ ಕಾರಣ ಬೇರೆ ಇದೆ. ನಮ್ಮಲ್ಲಿ ದೊಡ್ಡ ಕಾಯಿಲೆ ಬಂದರೆ ಮಂಗಳೂರಿಗೇ ಓಡಬೇಕು, ಅಲ್ವಾ? ಗಡಿಯ ತಲಪಾಡಿ ದಾಟಿ ಹೋಗಿ ರಾತ್ರಿ ಹನ್ನೊಂದಕ್ಕೆ ಅಡ್ಮಿಟ್ ಮಾಡುವಾಗ ಕೌಂಟರಿನಲ್ಲಿ ಮುಂಗಡ ಕೇಳುತ್ತಾರೆ. ಸರ್ವೀಸ್ ಬ್ಯಾಂಕಿಗೆ ಬಾಗಿಲು ಹಾಕಿರುತ್ತದೆ, ಚಿನ್ನ ಕಪಾಟಿನಲ್ಲಿ, ಅಡಿಕೆ ಅಂಗಳದಲ್ಲಿ. ದುಬೈಯಲ್ಲಿರುವ ಮಗ ಫೋನ್ ಎತ್ತುವ ತನಕ ಕಾಯುವುದಕ್ಕಿಂತ ಕಾರ್ಡ್ ಕೊಡುವುದು ವಾಸಿ. ಇದೊಂದಕ್ಕೇ ಅಂತ ಕಾರ್ಡ್ ಇಟ್ಟುಕೊಂಡರೂ ನಾನು ತಪ್ಪು ಅನ್ನುವುದಿಲ್ಲ.

ಉಳಿದದ್ದು ಸಣ್ಣಪುಟ್ಟ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿದರೆ ಕ್ಯೂಆರ್ ಸ್ಕ್ಯಾನ್ ಮಾಡಿಯೂ ಬಳಸಬಹುದು. ಸರಿಯಾಗಿ ಕಟ್ಟುತ್ತಾ ಹೋದರೆ ಸಿಬಿಲ್ ಸ್ಕೋರ್ (ಸಾಲ ಹೇಗೆ ಕಟ್ಟಿದ್ದೀರಿ ಅಂತ ತೋರಿಸುವ ಅಂಕ) ಚೆನ್ನಾಗಿರುತ್ತದೆ, ನಾಳೆ ಮನೆ ಸಾಲ ಕೇಳುವಾಗ ಅದು ಬೇಕಾಗುತ್ತದೆ.

ವಿರೋಧ

ಮೇಲಿನದ್ದರಲ್ಲಿ ಸುಳ್ಳೇನಿಲ್ಲ. ಆದರೆ ಆ 50 ದಿನದ ಲೆಕ್ಕ ತಿಂಗಳ ಸಂಬಳದವರದ್ದು. ತೋಟದಲ್ಲಿ ದುಡ್ಡು ತಿಂಗಳು ನೋಡಿಕೊಂಡು ಬರುವುದಿಲ್ಲ.

ಮೇ ಕೊನೆಗೆ ಅಡಿಕೆಗೆ ಬಿಡುವ ಮದ್ದಿಗೆ ಮೈಲುತುತ್ತು (ಕಾಪರ್ ಸಲ್ಫೇಟ್), ಸುಣ್ಣ ತರಬೇಕು. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ. ಮರ ಹತ್ತಿ ಮದ್ದು ಬಿಡುವವರ ಕೂಲಿ ಬೇರೆ. ಅದೇ ಹೊತ್ತಿಗೆ ಶಾಲೆ ಶುರು: ಪುಸ್ತಕ, ಯೂನಿಫಾರ್ಮ್, ಕೊಡೆ. ಎಲ್ಲ ಕಾರ್ಡಿನಲ್ಲಿ ಆಯ್ತು ಅಂತಿಟ್ಟುಕೊಳ್ಳಿ. ಕೊಳೆರೋಗ ಬರಬಾರದು ಅಂದ್ರೆ 40-45 ದಿನ ಕಳೆದು ಎರಡನೇ ಮದ್ದು ಬಿಡಬೇಕು. ಮೊದಲ ಮದ್ದಿನ ಬಿಲ್ ಕಟ್ಟುವ ಗಡುವು ಅದಕ್ಕೂ ಮೊದಲೇ ಬಂದು ಕೂರುತ್ತದೆ! ಆ ವರ್ಷದ ಅಡಿಕೆ ಕೊಯ್ದು, ಒಣಗಿಸಿ, ಸುಲಿದು ಮಾರುವ ಹೊತ್ತಿಗೆ ಇನ್ನೆಷ್ಟೋ ತಿಂಗಳು. ಹಳೆಯ ಚಾಲಿ, ಅಂದ್ರೆ ಒಣಗಿಸಿ ಸುಲಿದ ಅಡಿಕೆ, ಇದ್ದರೆ ಮಾರಬಹುದು, ಸರಿ. ಆದರೆ ರೇಟು ಏರಲಿ ಅಂತ ಕಟ್ಟಿಟ್ಟದ್ದನ್ನು ಕಾರ್ಡಿನ ಗಡುವಿಗೆ ಮಾರಿದರೆ, ನಮ್ಮ ಅಡಿಕೆ ಯಾವಾಗ ಮಾರಬೇಕು ಅಂತ ಬ್ಯಾಂಕು ಹೇಳಿದ ಹಾಗಾಯ್ತು.

ಕೈಯಲ್ಲಿ ದುಡ್ಡಿಲ್ಲದಾಗ ಬಿಲ್ಲಿನ ಮೂಲೆಯ "ಮಿನಿಮಮ್ ಡ್ಯೂ" ಕಣ್ಣಿಗೆ ಬೀಳುತ್ತದೆ. 40,000ದ ಬಿಲ್ಲಿಗೆ ಶೇಕಡಾ 5 ಅಂದ್ರೆ 2,000 ಕಟ್ಟಿದರೆ ಸಾಕು. ಬಾಕಿ 38,000ಕ್ಕೆ ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿ 1,330. ಆ ಬಡ್ಡಿಗೆ ಶೇಕಡಾ 18 ಜಿಎಸ್‌ಟಿ. ಒಟ್ಟು 1,569 ರೂಪಾಯಿ. ಕೊಟ್ಟ ಎರಡು ಸಾವಿರದಲ್ಲಿ ಸಾಲ ಇಳಿದದ್ದು ನಾನೂರ ಮೂವತ್ತು! ಇದೂ ಕಮ್ಮಿ ಹಿಡಿದ ಲೆಕ್ಕ. ಬಾಕಿ ಉಳಿಸಿದರೆ ಕೊಂಡ ದಿನದಿಂದಲೇ ಬಡ್ಡಿ ಎಣಿಸುತ್ತಾರೆ, ಹೊಸದಾಗಿ ಕೊಂಡದ್ದಕ್ಕೂ ಆ 50 ದಿನದ ಬಿಡುವು ಸಿಗುವುದಿಲ್ಲ. ಕೊಯ್ಲಿನ ಕೂಲಿ ನಗದೇ ಕೊಡಬೇಕು ಅಂತ ಎಟಿಎಂನಲ್ಲಿ ಕಾರ್ಡ್ ಹಾಕಿದಿರೋ, ತೆಗೆದ ದಿನದಿಂದಲೇ ಬಡ್ಡಿ, ಮೇಲಿನಿಂದ ಫೀಸು.

ತಿಂಗಳಿಗೆ 3.5 ಅಂದ್ರೆ ವರ್ಷಕ್ಕೆ ಶೇಕಡಾ 42. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲಕ್ಕೆ, 3 ಲಕ್ಷದ ತನಕ, ಸಮಯಕ್ಕೆ ಕಟ್ಟಿದರೆ ಬೀಳುವುದು ವರ್ಷಕ್ಕೆ ಶೇಕಡಾ 4. ಹೆಸರು ಕೇಳಿ ಎರಡೂ ಒಂದೇ ಅಂದುಕೊಳ್ಳುವವರು ಇದ್ದಾರೆ. ಅದರಲ್ಲೂ ನಮ್ಮ ಗಡಿನಾಡಿನ ಪಾಡು ಗೊತ್ತಲ್ಲ: ಕಾರ್ಡ್ ಮಾರಲು ಬರುವ ಹುಡುಗ ಮಲಯಾಳದಲ್ಲಿ ಮಾತಾಡ್ತಾನೆ, ಫಾರ್ಮ್ ಇಂಗ್ಲಿಷಿನಲ್ಲಿ ಇರುತ್ತದೆ, ಕನ್ನಡ ಶಾಲೆಯಲ್ಲಿ ಕಲಿತ ಅಜ್ಜ ತೋರಿಸಿದಲ್ಲಿ ಸಹಿ ಹಾಕ್ತಾರೆ. ಬಡ್ಡಿ ಎಷ್ಟು ಅಂತ ಓದಿ ಹೇಳುವವರಿಲ್ಲ. ಓಣಂ ಆಫರಿನಲ್ಲಿ "ನೋ ಕಾಸ್ಟ್ ಇಎಂಐ" ಅಂತ ಟಿವಿ ತರುವವರೂ ಪ್ರೊಸೆಸಿಂಗ್ ಫೀಸ್ ಎಷ್ಟು ಅಂತ ಸುಮ್ನೆ ಒಮ್ಮೆ ಕೇಳಿ ನೋಡಿ.

ಆಸ್ಪತ್ರೆಯ ಮಾತು ಒಪ್ಪಿದೆ. ಹಾಗಾದರೆ ಮನೆಯಲ್ಲಿ ತಿಂಗಳ ಸಂಬಳ ಬರುವವರ ಹೆಸರಿನಲ್ಲಿ ಒಂದು ಕಾರ್ಡ್ ಇರಲಿ, ತೋಟದ ಖರ್ಚು ಅದಕ್ಕೆ ಹಾಕುವುದು ಬೇಡ. ಮಂಗಳೂರಿನ ಒಂದು ರಾತ್ರಿಗಾಗಿ ಇಟ್ಟ ಕಾರ್ಡ್ ಮೈಲುತುತ್ತಿಗೆ ಇಳಿಯುವುದಕ್ಕೆ ಜಾಸ್ತಿ ದಿನ ಬೇಡ.

ಈಗಾಗಲೇ ತೆಗೆದುಕೊಂಡು ಬೇಡ ಅನಿಸಿದವರು ಬಾಕಿ ತೀರಿಸಿ, ಮುಚ್ಚಿ ಅಂತ ಬರೆದು ಕೊಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಅವರೇ ನಿಮಗೆ ಕೊಡಬೇಕು.