ಟ್ರಯಲ್ ವಿಷಯವನ್ನೇ ಬಿಟ್ಟಿದ್ದೀರಲ್ಲ?

‘ಬೆನ್ನುಹುರಿ ಪಕ್ಕ ಸ್ಟಿಮ್ಯುಲೇಟರ್ ಕೂರಿಸಿದರೆ ನೋವು ಮಾಯ’ ಅಂತ ಲೇಖನದಲ್ಲಿ ಬರೆದಿದ್ದೀರಿ (ನರಗಳಿಗೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ನೋವು ತಗ್ಗಿಸುವ ಬ್ಯಾಟರಿ ಯಂತ್ರ ಅದು). ಮಾಯ ಆಗಲ್ಲ ಸಾರ್. ನಮ್ಮ ಭಾವನಿಗೆ ಹಾಕಿಸಿದ್ದೇವೆ. ಕಾಲಿಗೆ ಇಳಿಯುತ್ತಿದ್ದ ಉರಿ ಅರ್ಧಕ್ಕರ್ಧ ಕಡಿಮೆಯಾಗಿದೆ, ಸೊಂಟನೋವು ಹಾಗೇ ಇದೆ. ವಾರಕ್ಕೆರಡು ಸಲ ಚಾರ್ಜರ್ ಬೆಲ್ಟ್ ಕಟ್ಟಿಕೊಂಡು ಪ್ಲಗ್ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಫೋನ್ ಚಾರ್ಜಿಗೆ ಇಟ್ಟ ಹಾಗೆ! ಯಂತ್ರವನ್ನು ಕಾಯಂ ಆಗಿ ಕೂರಿಸುವ ಮೊದಲು ಸುಮಾರು ಒಂದು ವಾರ ತಂತಿ ಮೈಯೊಳಗೆ, ಬ್ಯಾಟರಿ ಹೊರಗೆ ಇಟ್ಟು ನೋಡುತ್ತಾರೆ; ಅದೇ ಟ್ರಯಲ್. ನೋವು ಅರ್ಧದಷ್ಟಾದರೂ ಇಳಿಯದಿದ್ದರೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ಓದುಗರಿಗೆ ಮೊದಲು ಹೇಳಬೇಕಾದ್ದು ಅದೇ ಅಲ್ವಾ? ಇನ್ನೊಂದು: 2022ರಲ್ಲಿ ಪ್ರಕಟವಾದ ನಾರ್ವೆಯ ಪ್ರಯೋಗದಲ್ಲಿ, ಮೊದಲೇ ಬೆನ್ನಿನ ಆಪರೇಷನ್ ಆಗಿದ್ದ 50 ಜನರಲ್ಲಿ, ಯಂತ್ರ ಆನ್ ಇದ್ದಾಗಲೂ ಅವರಿಗೆ ಗೊತ್ತಾಗದಂತೆ ಆಫ್ ಮಾಡಿದಾಗಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಭಾವನಿಗೆ ಮಾತ್ರ ಹೇಳಿಲ್ಲ.