ಓಣಿಗೆ ಬಂದ ಬರವಣಿಗೆ

ಧಾರವಾಡದ ಕಡೆಯ ಒಂದು ವಿಶ್ವವಿದ್ಯಾಲಯದ ಬರವಣಿಗೆ ವಿಭಾಗವು ಹಳೇ ಹುಬ್ಬಳ್ಳಿಯ ನಮ್ಮ ಓಣಿಯೊಡನೆ ಸಹಭಾಗಿತ್ವದ ಒಡಂಬಡಿಕೆ ಮಾಡಿಕೊಂಡ ಸುದ್ದಿ ಓಣಿಯವರಿಗೆ ತಿಳಿದದ್ದು ಮಾರನೆಯ ದಿನದ ಪತ್ರಿಕೆಯಿಂದ. ಅವಳಿ ನಗರದಲ್ಲಿ ವಿಶ್ವವಿದ್ಯಾಲಯಗಳಿಗೆ ಬರವಿಲ್ಲವಾದ್ದರಿಂದ ಇದು ಯಾವುದೆಂದು ಊಹಿಸುವ ಶ್ರಮವನ್ನು ಓದುಗರು ತೆಗೆದುಕೊಳ್ಳಬೇಕಾಗಿಲ್ಲ. ಓಣಿಯ ಪರವಾಗಿ ಸಹಿ ಹಾಕಿದವರು ಯಾರೆಂಬ ಪ್ರಶ್ನೆ ಒಂದೆರಡು ದಿನ ಗುಡಿಯ ಕಟ್ಟೆಯ ಮೇಲೆ ಚರ್ಚೆಯಾಯಿತು. ಕಡೆಗೆ, ಫೋಟೋದಲ್ಲಿ ಶಾಲು ಹೊದ್ದು ನಿಂತವರು ಅಂದು ಧ್ವನಿವರ್ಧಕ ತಂದಿದ್ದ ಪೆಂಡಾಲಿನವರೆಂದು ಗುರುತು ಹತ್ತಿತು.

ವಿಶ್ವವಿದ್ಯಾಲಯದವರು ಓಣಿಯವರೊಡನೆ ಕೂತು ಬರೆಯುವ ಈ ಪದ್ಧತಿಯ ಮೂಲ ನಗುವಂಥದ್ದಲ್ಲ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ 1989ರ ಸುಮಾರಿಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರೂ ಅಲ್ಲಿನ ಒಂದು ಬಡಾವಣೆಯ ಸಮುದಾಯ ಕೇಂದ್ರದವರೂ ಕೂಡಿ ಇಂಥದ್ದನ್ನು ಕಟ್ಟಿದರು. ಬಡಾವಣೆಯ ಹುಡುಗ ಹುಡುಗಿಯರು ತಮ್ಮ ತಾಪತ್ರಯಗಳನ್ನು ಬರೆದರು, ವಿದ್ಯಾರ್ಥಿಗಳು ಪಕ್ಕದಲ್ಲಿ ಕುಳಿತು ನೆರವಾದರು, ಆಮೇಲೆ ಸಭೆ ಕರೆದು, ಅದನ್ನು ಕೇಳಿಸಿಕೊಳ್ಳಬೇಕಾದ ಹಿರಿಯರನ್ನೂ ಅಧಿಕಾರದಲ್ಲಿದ್ದವರನ್ನೂ ಎದುರಿಗೆ ಕೂರಿಸಿದರು. ನಮ್ಮವರು ಈ ಮಾದರಿಯನ್ನು ಇಡಿಯಾಗಿ ತಂದಿದ್ದಾರೆ, ಎದುರಿಗೆ ಕೂರಿಸುವ ಭಾಗವೊಂದನ್ನು ಬಿಟ್ಟು. ಅದರ ಜಾಗದಲ್ಲಿ, ಕಾಲೇಜು ವಿಶ್ವವಿದ್ಯಾಲಯಗಳನ್ನು ಅಳೆದು ಮಾನ್ಯತೆ ಕೊಡುವ ನ್ಯಾಕ್ ಇದೆ. ಮೌಲ್ಯಮಾಪನದಲ್ಲಿ ವಿಸ್ತರಣಾ ಚಟುವಟಿಕೆಗೂ ಅಂಕವಿರುವುದರಿಂದ, ಮತ್ತು ಆ ಅಂಕಕ್ಕೆ ಅಕ್ಷಾಂಶ ರೇಖಾಂಶ ಮೂಡಿದ ಫೋಟೋ ಬೇಕಾಗುವುದರಿಂದ, ಓಣಿಯಲ್ಲಿ ನಡೆದ ಕಾರ್ಯಾಗಾರದ ಮೊದಲ ಮುಕ್ಕಾಲು ಗಂಟೆ ಮೊಬೈಲಿಗೆ ಸಿಗ್ನಲ್ ಹುಡುಕುವುದರಲ್ಲಿ ಕಳೆಯಿತು.

ವಿಷಯ, ‘ನಗರವಾಸಿಗಳಿಗೆ ಪ್ರಾಥಮಿಕ ಬರವಣಿಗೆ ಕೌಶಲ’. ಫಲಾನುಭವಿಗಳ ಪಟ್ಟಿಯ ಮೊದಲ ಹೆಸರು, ಸರಕಾರಿ ಕಚೇರಿಯೊಂದರ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತು 30 ವರ್ಷಗಳಿಂದ ಅರ್ಜಿ ಬರೆಯುತ್ತಿರುವ ನಮ್ಮ ಓಣಿಯ ಕಾಕಾ ಅವರದು. ತೊಡೆಯ ಮೇಲೊಂದು ಪ್ಲೈವುಡ್ ಹಲಗೆ, ಹಳೆಯ ಡೈರಿಯೊಳಗೆ ನಾಲ್ಕು ಕಾರ್ಬನ್ ಹಾಳೆ, ಕಿವಿಯ ಹಿಂದೆ ಒಂದು ಕೆಂಪು ಪೆನ್ಸಿಲ್: ಇದು ಅವರ ವಿಭಾಗ. ಮುದುಕಿಯೊಬ್ಬಳು ಬಂದು, ಸೊಸೆಯಿಂದ ಆರಂಭಿಸಿ, ಸತ್ತ ಆಡಿನ ಮೇಲೆ ಹಾಯ್ದು, ಅಳಿಯನ ಕುಡಿತಕ್ಕೆ ಬಂದು ಮುಗಿಸುವ ಒಂದು ತಾಸಿನ ಕಥೆಯನ್ನು ಅವರು ನಡುವೆ ಬಾಯಿ ಹಾಕದೆ ಕೇಳುತ್ತಾರೆ; ಕೇಳಿ, ‘ವಿಷಯ: 11 ದಿನಗಳಿಂದ ನಳಕ್ಕೆ ನೀರು ಬಾರದಿರುವ ಬಗ್ಗೆ’ ಎಂದು ಬರೆಯುತ್ತಾರೆ. ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಧಾರಣವಾಗಿ 150 ಪದ ಮೀರಬಾರದು ಎಂದು 2008ರಲ್ಲಿ ರಾಜ್ಯ ಸರಕಾರ ನಿಯಮ ತಂದಾಗ ಅನೇಕರು ಗೊಣಗಿದರು. ಕಾಕಾ ಗೊಣಗಲಿಲ್ಲ. ಅವರದು ಮೊದಲಿನಿಂದಲೂ 90 ದಾಟಿದ್ದೇ ಇಲ್ಲ.

ಪ್ರಾಧ್ಯಾಪಕರು ‘ನಿಮ್ಮ ಓದುಗರನ್ನು ಅರಿತು ಬರೆಯಿರಿ’ ಎಂಬಲ್ಲಿಂದ ತೊಡಗಿದರು. ಮಾತು ಒಳ್ಳೆಯದೇ. ಆದರೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಅದೇ ಮುದುಕಿ ತನ್ನ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲೆ ಕೊಡವಿದಳು. ಟಪಾಲು ಶಾಖೆಯ ನೀಲಿ ಮುದ್ರೆ ಬಿದ್ದ ಸ್ವೀಕೃತಿ ಪ್ರತಿಗಳು, ಮಡಿಕೆಯಲ್ಲಿ ಸವೆದು ಹರಿದವು, ಒಟ್ಟು ಒಂಬತ್ತು. “ಓದವ್ರು ಯಾರರ ಅದಾರೇನ್ರಿ ಸರ? ಇದ್ರ ಹೇಳ್ರಿ, ಅವರನ್ನ ಅರಕೊಂಡ ಬರತೀನಿ” ಎಂದಳು. ಪ್ರಾಧ್ಯಾಪಕರು ಇದನ್ನು ‘ಸಮುದಾಯದ ಸಕ್ರಿಯ ಪ್ರತಿಕ್ರಿಯೆ’ ಎಂದು ಟಿಪ್ಪಣಿ ಮಾಡಿಕೊಂಡರು, ಮತ್ತು ಆಕೆಯ ಫೋಟೋ ತೆಗೆಸಿದರು.

ಮಧ್ಯಾಹ್ನ, ಉಪ್ಪಿಟ್ಟಿನ ನಂತರ, ವಿದ್ಯಾರ್ಥಿಗಳು ಓಣಿಯ ನೀರಿನ ಬಗ್ಗೆ ಮಾದರಿ ಅರ್ಜಿಯೊಂದನ್ನು ಸಿದ್ಧಪಡಿಸಿದರು. ಬೆಳಗಾವಿ, ಕಲಬುರಗಿಗಳ ಜೊತೆಗೆ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ನಿರಂತರ ನೀರಿನ ಪ್ರಯೋಗದ ಇತಿಹಾಸ ಒಂದು ಪುಟ, ಮಲಪ್ರಭೆಗೆ ಸವದತ್ತಿಯ ಬಳಿ ಕಟ್ಟಿದ ಜಲಾಶಯದ ಪರಿಚಯ ಅರ್ಧ ಪುಟ, ನೀರು ಮತ್ತು ಮಹಿಳೆ ಎಂಬ ಬಗ್ಗೆ ಒಂದೂವರೆ ಪುಟ. ಹುಡುಗರನ್ನು ಬಯ್ಯುವಂತಿಲ್ಲ, ಬರೆದದ್ದೆಲ್ಲ ನಿಜ, ಅಕ್ಷರವೂ ದುಂಡಗಿದ್ದವು. ಕಾಕಾ ಕನ್ನಡಕ ಏರಿಸಿಕೊಂಡು ಮೂರೂ ಪುಟಗಳನ್ನು ಓದಿ, “ಎಲ್ಲಾ ಛಲೋ ಐತಿ ತಮ್ಮಾ. ಆದ್ರ ನಳಕ್ಕ ನೀರ ಬಂದಿಲ್ಲಂತ ಎಲ್ಲಿ ಬರದೀಪಾ?” ಎಂದು ಕೇಳಿದರು. ಹುಡುಗ ಹಾಳೆಗಳನ್ನು ಎರಡು ಸಲ ತಿರುವಿದ. ಉಪಸಂಹಾರದಲ್ಲಿ ಬರಬೇಕಾಗಿತ್ತಂತೆ, ಅಷ್ಟರಲ್ಲಿ ಚಹಾಕ್ಕೆ ಕರೆದರಂತೆ.

ಸಮಾರೋಪದಲ್ಲಿ ಕಾಕಾ ಅವರಿಗೂ ಪ್ರಮಾಣಪತ್ರ ದೊರೆಯಿತು. ಅವರು ಪ್ರಾಥಮಿಕ ಬರವಣಿಗೆಯನ್ನು ‘ತೃಪ್ತಿಕರವಾಗಿ’ ಕಲಿತಿದ್ದಾರೆಂದು ಚಿನ್ನದ ಬಣ್ಣದಲ್ಲಿ ಅಚ್ಚಾಗಿತ್ತು, ಮನೆತನದ ಹೆಸರಿನಲ್ಲಿ ಳಕಾರ ಹೋಗಿ ಲಕಾರ ಕುಳಿತಿತ್ತು. ತಿದ್ದಿಕೊಡಿರೆಂದಾಗ, ಕುಲಸಚಿವರಿಗೆ ಲಿಖಿತ ಅರ್ಜಿ ಸಲ್ಲಿಸಬೇಕೆಂದರು. ಕಾಕಾ ಅಲ್ಲಿಯೇ ಹಲಗೆಯನ್ನು ತೊಡೆಗೆ ಏರಿಸಿ 42 ಪದಗಳಲ್ಲಿ ಬರೆದು ಕೊಟ್ಟು, ಸ್ವೀಕೃತಿಯ ಮುದ್ರೆ ಒತ್ತಿಸಿಕೊಂಡು ಬಂದರು. ಎರಡು ತಿಂಗಳಿಗೆ ಹಿಂಬರಹ ಬಂದಿತು: ಅರ್ಜಿಯು ನಿಗದಿತ ನಮೂನೆಯಲ್ಲಿ ಇಲ್ಲದಿರುವುದರಿಂದ ಪರಿಗಣಿಸಲು ಬರುವುದಿಲ್ಲ. ಅದೇ ಲಕೋಟೆಯಲ್ಲಿ ಮುಂದಿನ ಕಾರ್ಯಾಗಾರದ ಆಮಂತ್ರಣವೂ ಇತ್ತು.

ಕಾಕಾ ಹಿಂಬರಹದ ನಾಲ್ಕು ಸಾಲುಗಳಲ್ಲಿ ಮೂರು ತಪ್ಪುಗಳಿಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು, ಕಾರ್ಬನ್ ಹಾಳೆಗಳಿರುವ ಡೈರಿಯಲ್ಲಿ ಇಟ್ಟುಕೊಂಡಿದ್ದಾರೆ. ಮುದುಕಿಯ ಹತ್ತನೆಯ ಅರ್ಜಿ ಮೊನ್ನೆ ಹೋಯಿತು.